ಕಾರ್ಡು ಡಬ್ಬಿಗೆ ಬೀಳುವ ತನಕ

"ಹೇಗಿತ್ತು?"

ಅವಳು ಕೇಳಿದ್ದು ಇಷ್ಟೇ. ಕೈಯಲ್ಲಿ ನೀರಿನ ಬಾಟಲಿ, ಮುಖದ ತುಂಬ ನಗು.

ಸೈಕಲ್ಲಿನಿಂದ ಇಳಿದ ಸವಾರ ಅವಳ ಮುಖ ನೋಡಿದ. ಬಾಟಲಿಯನ್ನೂ ನೋಡಿದ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಗಂಟಲು ಒಣಗಿದ್ದು ನೋಡಿದರೇ ತಿಳಿಯುತ್ತಿತ್ತು. ಆದರೂ ತುಟಿಯ ಮೇಲೆ ಒಂದು ಬೆರಳಿಟ್ಟು, ಒಂದಕ್ಷರ ಮಾತಾಡದೆ ಅವಳನ್ನು ದಾಟಿಕೊಂಡು ಹೋಗೇಬಿಟ್ಟ!

ಅಬ್ಬಾ, ಏನು ಜಂಭ! ನೀರು ಕೊಡೋಕೆ ಬಂದವಳಿಗೆ ಬಾಯಿ ಮುಚ್ಚು ಅನ್ನೋದಾ?

ಅವಳ ಕೈ ಬಾಟಲಿ ಹಿಡಿದುಕೊಂಡು ಗಾಳಿಯಲ್ಲೇ ಉಳಿಯಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಏ ಹಿಟ್ಟಮ್ಮ, ಕೈ ಇಳಿಸು, ನೋವು ಬರುತ್ತೆ. ಅವನು ಈಗ ತಗೊಳಲ್ಲ."

ನಕ್ಕವರು ಪಂಪಣ್ಣ. ಇಪ್ಪತ್ತಾರು ವರ್ಷದಿಂದ ಈ ಟೈರ್ ಕಂಪನಿಯ ಪರೀಕ್ಷಾ ಶೆಡ್ಡಿನಲ್ಲಿ ಚಕ್ರಕ್ಕೆ ಟೈರು ಹಾಕಿ ಗಾಳಿ ಹೊಡೆಯುವವರು. ಅವಳಿಗೆ ಹಿಟ್ಟಮ್ಮ ಎಂದು ಹೆಸರಿಟ್ಟವರೂ ಅವರೇ. ಅವಳ ಕೆಲಸ ರಬ್ಬರ್ ಕಲಸುವುದು ತಾನೇ? ಯಾವ ರಬ್ಬರ್ ಎಷ್ಟು, ಯಾವ ಪುಡಿ ಎಷ್ಟು, ಎಷ್ಟು ಹೊತ್ತು ನಾದಬೇಕು... ರೇಸ್ ಸೈಕಲ್ಲಿನ ಹೊಸ ಟೈರಿಗೆಂದು ಮೂರು ವರ್ಷ ಕಲಸಿ ಕಲಸಿ ಅವಳು ಹದ ಕಂಡುಹಿಡಿದಿದ್ದಳು. ಇವತ್ತು ಆ ಟೈರು ಮೊದಲ ಬಾರಿ ರಸ್ತೆಗೆ ಇಳಿದಿತ್ತು. ಅವಳೂ ಮೊದಲ ಬಾರಿ ಪರೀಕ್ಷೆ ನೋಡಲೆಂದು ತನ್ನ ಕಲಸುವ ಕೋಣೆ ಬಿಟ್ಟು ಶೆಡ್ಡಿಗೆ ಬಂದಿದ್ದಳು.

"ಇಲ್ಲಿನ ನಿಯಮ ಯಾರೂ ಹೇಳ್ಲಿಲ್ವಾ?" ಪಂಪಣ್ಣ ಗೋಡೆಯ ಕಡೆ ತೋರಿಸಿದರು. ಅಲ್ಲಿ ಬೀಗ ಹಾಕಿದ ಒಂದು ತಗಡಿನ ಡಬ್ಬಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಆ ಸವಾರ ಕೈಗವಸನ್ನೂ ತೆಗೆಯದೆ ನಿಂತಲ್ಲೇ ಏನೋ ಬರೆಯುತ್ತಿದ್ದ. "ಪರೀಕ್ಷೆ ದಿನ, ಕಾರ್ಡು ಆ ಡಬ್ಬಿಗೆ ಬೀಳೋ ತನಕ ಸವಾರರು ಟೈರ್ ಮಾಡಿದೋರ ಹತ್ರ ತುಟಿ ಬಿಚ್ಚೋ ಹಾಗಿಲ್ಲ. ನೀನು ನಕ್ಕರೆ ಅವರ ಕೈ ಮೆತ್ತಗಾಗುತ್ತೆ. ಅತ್ತರಂತೂ ಕೇಳೋದೇ ಬೇಡ. ಆಮೇಲೆ ಕಾರ್ಡಲ್ಲಿ ಇರೋದು ಟೈರಿನ ಮಾತಾಗಲ್ಲ, ನಿನ್ನ ಮಾತಾಗುತ್ತೆ."

"ಉಳಿದ ಐದು ಜನ ಕಣ್ಣಲ್ಲಾದ್ರೂ ನಕ್ಕರಲ್ಲ ಪಂಪಣ್ಣ!"

"ಇವನು ತಕ್ಕಡಿ ಕಣಮ್ಮ. ಇದ್ದದ್ದು ಇದ್ದಷ್ಟೇ. ಒಂದು ಗುಲಗಂಜಿ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ."

ತಕ್ಕಡಿಯಂತೆ! ಜಂಭದ ಕೋಳಿ ಅಂದರೆ ಸರಿಯಾಗಿರುತ್ತಿತ್ತು ಎಂದುಕೊಂಡಳು ನಮ್ಮ ಹಿಟ್ಟಮ್ಮ. ಅವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಅದು ನಿಮಗೂ ಗೊತ್ತಿರಲಿ.

ಸಂಜೆ ನಾಲ್ಕಕ್ಕೆ ಮೇಡಂ ಡಬ್ಬಿಯ ಬೀಗ ತೆಗೆದರು. ಪರೀಕ್ಷಾ ವಿಭಾಗದ ಮುಖ್ಯಸ್ಥೆ ಅವರು, ಕನ್ನಡಕ ಕೆಳಗಿಳಿಸಿ ನೋಡಿದರೆ ಎದುರಿನವರ ಬಾಯಿ ಆರುತ್ತಿತ್ತು. ಪ್ರತಿ ಕಾರ್ಡಿನಲ್ಲೂ ಮೂರೇ ಸಾಲು. ಹಿಡಿತ, ಸದ್ದು, ನಂಬಿಕೆ.

ಮೊದಲ ಐದು ಕಾರ್ಡು ಕೇಳುತ್ತಾ ಅವಳು ನೆಲದಿಂದ ಒಂದು ಗೇಣು ಮೇಲೇ ಇದ್ದಳು. 'ಹಿಡಿತ ಚೆನ್ನಾಗಿದೆ.' 'ಸದ್ದೇ ಇಲ್ಲ, ಗಾಳಿ ಮಾತ್ರ ಕೇಳಿಸಿತು.' 'ಇಳಿಜಾರಿನಲ್ಲಿ ಬ್ರೇಕ್ ನೆನಪಾಗಲಿಲ್ಲ.' ಒಬ್ಬನಂತೂ, 'ಈ ಜೋಡಿಯನ್ನು ವಾಪಸ್ ಕೇಳಬೇಡಿ' ಎಂದೇ ಬರೆದಿದ್ದ!

ಆರನೆಯದು.

"ಹಿಡಿತ: ನೀರಿನ ಟ್ಯಾಂಕಿನ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಸದ್ದು: ಕಡಿಮೆ. ನಂಬಿಕೆ..." ಮೇಡಂ ಒಂದು ಕ್ಷಣ ತಡೆದರು. "ನಂಬಿಕೆ: ಬರಲಿಲ್ಲ."

ಅವಳು ದಪ್ಪನೆ ನೆಲಕ್ಕಿಳಿದಳು.

ಇನ್ನೂ ಆರು ವಾರ ಇದೇ ಟೈರು ಓಡಬೇಕು. ಕೊನೆಗೆ ಆರೂ ಜನ 'ನಂಬಿಕೆ ಇದೆ' ಎಂದರೆ ಮಾತ್ರ ಅದು ಮಾರುಕಟ್ಟೆಗೆ. ಇಲ್ಲದಿದ್ದರೆ ಮೂರು ವರ್ಷದ ಹದ ಕಪಾಟಿಗೆ, ಅವಳು ಮತ್ತೆ ಮಕ್ಕಳ ಮೂರು ಗಾಲಿ ಸೈಕಲ್ಲಿನ ರಬ್ಬರ್ ಕಲಸುವುದಕ್ಕೆ!

ಅವಳು ಸೀದಾ ನಲ್ಲಿಯ ಬಳಿ ಹೋದಳು. ಅವನು ಬಗ್ಗಿ ಕೈ ತೊಳೆಯುತ್ತಿದ್ದ.

"ರೀ, ಕಾರ್ಡು ಬಿತ್ತಲ್ಲ, ಈಗ ಮಾತಾಡಬಹುದು ತಾನೇ? ಐದು ಜನಕ್ಕೆ ಜಾರದ ಟೈರು ನಿಮಗೊಬ್ಬರಿಗೆ ಹೇಗ್ರೀ ಜಾರುತ್ತೆ?"

ಅವನು ತಿರುಗಿದ. ಆಗ ಕಂಡಿತು, ಅವನ ಎಡ ಮೊಣಕೈಯಿಂದ ಮುಂಗೈವರೆಗೆ ಚರ್ಮ ಕಿತ್ತು ಕೆಂಪಗಾಗಿತ್ತು. ಅವಳು ತಂದಿದ್ದ ಬೈಗುಳವೆಲ್ಲ ಮರೆತೇ ಹೋಯಿತು.

"ಅಯ್ಯೋ... ಬಿದ್ರಾ?"

"ಬಿದ್ದೆ."

"ಮತ್ತೆ ಕಾರ್ಡಲ್ಲಿ ಅದನ್ನ ಬರೀಲೇ ಇಲ್ಲ?"

"ಕಾರ್ಡು ಟೈರಿಂದು," ಎಂದ ಅವನು, ತೀರಾ ಸಹಜವಾಗಿ. "ಮೊಣಕೈ ನಂದು."

ಇಂಥವನ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ, ನೀವೇ ಹೇಳಿ. ಅವಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತಂದು ಅವನ ಮುಂದೆ ಕುಕ್ಕಿದಳು. "ತಗೊಳ್ಳಿ! ಇದಕ್ಕೇನೂ ನಿಯಮ ಇಲ್ವಲ್ಲ?"

ಅವನು ನಕ್ಕ. ಮೊದಲ ಸಲ. ಆ ನಗು ಅವಳಿಗೆ ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟೂ ಬಂತು.

ಮರುದಿನದಿಂದ ಅವಳು ಏನಾದರೊಂದು ನೆಪ ಹುಡುಕಿಕೊಂಡು ಶೆಡ್ಡಿಗೆ ಬರತೊಡಗಿದಳು. ಒಮ್ಮೆ ಟೈರಿನ ತೂಕ, ಒಮ್ಮೆ ಸವೆತದ ಅಳತೆ. ಅವನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಒಂದು ದಿನ ತಾನೇ ಕೇಳಿದ.

"ನಿಮ್ಮ ಟೈರ್ ಮೇಲೆ ನೀವು ಓಡಿಸಿ ನೋಡಿದೀರಾ?"

"ನಾನಾ? ಸ್ಕೂಲ್ ಬಿಟ್ಟ ಮೇಲೆ ಸೈಕಲ್ಲೇ ಹತ್ತಿಲ್ಲ."

"ಮೂರು ವರ್ಷ ಅಡುಗೆ ಮಾಡಿ, ಒಂದು ತುತ್ತು ಬಾಯಿಗಿಟ್ಟು ನೋಡಿಲ್ಲ ಅನ್ನಿ."

ಚುರುಕ್ ಎಂದಿತು. ಆದರೆ ಮಾತು ನಿಜವಾಗಿತ್ತು.

ಹಾಗೆ ಶುರುವಾಯಿತು, ಶೆಡ್ಡಿನ ಹಿಂದಿನ ಅಂಗಳದಲ್ಲಿ ಅವಳ ಸೈಕಲ್ ಪಾಠ. ಬಾಗಿದ ಹ್ಯಾಂಡಲ್, ಬೆರಳಗಲದ ಟೈರು, ಕಲ್ಲಿನಂಥ ಸೀಟು. ಮೊದಲ ದಿನ ಅವಳು ಹೂವಿನ ಕುಂಡಕ್ಕೆ ಗುದ್ದಿದಳು, ಎರಡನೆಯ ದಿನ ಪಂಪಣ್ಣನಿಗೆ ಗುದ್ದಿದಳು. "ನಂಗೆ ಇನ್ನೂ ನಿವೃತ್ತಿ ಬೇಡ ಕಣಮ್ಮ!" ಎಂದು ಕೂಗುತ್ತ ಅವರು ಒಳಗೆ ಓಡಿದರು.

"ಹ್ಯಾಂಡಲ್ ಕತ್ತು ಹಿಸುಕಬೇಡಿ," ಅವನು ಪಕ್ಕದಲ್ಲೇ ಓಡುತ್ತ ಹೇಳುತ್ತಿದ್ದ. "ಕೈ ಸಡಿಲ ಬಿಡಿ. ಟೈರಿಗೆ ಗೊತ್ತು."

"ಜಾರಿದ್ರೆ?"

"ನಾನಿದೀನಲ್ಲ."

ಒಂದೇ ಮಾತು. ಆ ದಿನವೆಲ್ಲ ಅವಳ ಕಿವಿಯಲ್ಲಿ ಅದೇ...

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದು ಸಾಧ್ಯವೇ? ಅಣ್ಣನಿಗೆ ಏನೂ ಕಾಣದು, ಅತ್ತಿಗೆಗೆ ಕಾಣದ್ದು ಏನೂ ಇಲ್ಲ.

"ಏನೇ ಇದು, ಬಟ್ಟೆಯೆಲ್ಲ ಗ್ರೀಸು? ರಬ್ಬರ್ ಕಲಸೋ ಕೆಲಸದಲ್ಲಿ ಗ್ರೀಸು ಯಾವಾಗಿಂದ?"

"ಚೈನ್ ತಾಗ್ತು ಅತ್ತಿಗೆ."

"ಸೈಕಲ್ ಚೈನಾ? ಸೈಕಲ್ ಯಾರದು? ಓಡಿಸೋರು ಯಾರು? ಮದುವೆ ಆಗಿದೆಯಾ?"

"ಅತ್ತಿಗೆ!!"

ಅತ್ತಿಗೆ ನಗುತ್ತಲೇ ಸೋಪು ತಂದುಕೊಟ್ಟರು.

ಐದನೆಯ ವಾರದಲ್ಲಿ ಅವಳು ಅವನ ಹಿಂದೆ ಹಿಂದೆ ಸೈಕಲ್ ಓಡಿಸಿಕೊಂಡು ನೀರಿನ ಟ್ಯಾಂಕಿನ ತಿರುವಿನವರೆಗೂ ಹೋದಳು. ಅವಳ ಟೈರು ಅವಳನ್ನು ಆ ತಿರುವಿನಲ್ಲಿ ಮೆಲ್ಲಗೆ ಹೊತ್ತು ದಾಟಿಸಿತು. ಖುಷಿಗೆ ಅವಳ ಕಣ್ಣಲ್ಲಿ ನೀರು ಬಂತು. ಟ್ಯಾಂಕಿನ ಕಟ್ಟೆಯ ಮೇಲೆ ಇಬ್ಬರೂ ಸುಮ್ಮನೆ ಕೂತರು. ಅವನು ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಅವಳೂ ಕೇಳಲಿಲ್ಲ.

ಇನ್ನೊಂದು ವಾರ. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳ್ತಾನೆ... ಹೇಳದಿದ್ದರೆ ನಾನೇ ಹೇಳ್ತೀನಿ!

ಆದರೆ ಆ ವಾರದ ಕೊನೆಗೆ ಮೇಡಂ ಇಬ್ಬರನ್ನೂ ಕೋಣೆಗೆ ಕರೆಸಿದರು.

"ಕೊನೆಯ ಕಾರ್ಡಿನಲ್ಲಿ ಆರೂ ಜನ 'ನಂಬಿಕೆ ಇದೆ' ಅಂತ ಬರೆದಿದೀರಿ. ನೀವೂ," ಮೇಡಂ ಅವನನ್ನು ನೋಡಿದರು. "ಆದರೆ ನಿಮ್ಮ ಮೊದಲ ಕಾರ್ಡು ಹಾಗೇ ಇದೆ. ಕೊಂಡವರೂ ಮೊದಲ ದಿನವೇ ಹೊಸ ಟೈರಿನ ಮೇಲೆ ಹೋಗೋದು. ಮೊದಲ ದಿನ ಜಾರೋ ಟೈರನ್ನ ನಾನು ಹೊರಗೆ ಬಿಡಲ್ಲ."

"ಸರಿ ಮೇಡಂ."

"ಹೋದ ವರ್ಷ ನೀವು ದೊಡ್ಡದಾಗಿ ಬಿದ್ದಿದ್ರಿ. ಆ ಹೆದರಿಕೆ ಇನ್ನೂ ಇದ್ದು, ಅವತ್ತು ತಪ್ಪು ನಿಮ್ಮದೇ ಆಗಿದ್ರೆ ಹೇಳಿ, ಕಾರ್ಡು ವಾಪಸ್ ತಗೊಳ್ಳಿ. ಟೈರು ಪಾಸಾಗುತ್ತೆ. ಇಲ್ಲದಿದ್ರೆ ನಾನು ಟೈರನ್ನೂ ನಿಲ್ಲಿಸಬೇಕು, ನಿಮ್ಮನ್ನೂ ರಸ್ತೆಗೆ ಬಿಡೋದಾ ಅಂತ ಯೋಚಿಸಬೇಕು. ನಾಳೆ ಹೇಳಿ."

"ನಾಳೆ ಯಾಕೆ ಮೇಡಂ, ಇವತ್ತೇ ಹೇಳ್ತೀನಿ. ನಾನು ಹೆದರಿರಲಿಲ್ಲ. ಟೈರು ಜಾರಿತ್ತು."

ಹೊರಗೆ ಬಂದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಒಂದು ಸಾಲು! ಒಂದೇ ಒಂದು ಸಾಲು ವಾಪಸ್ ತಗೊಂಡ್ರೆ ನಿಮ್ಮ ಕೆಲಸ ಉಳಿಯುತ್ತೆ, ನನ್ನ ಮೂರು ವರ್ಷ ಉಳಿಯುತ್ತೆ. ಈಗ ಚೆನ್ನಾಗಿದೆ ಅಂತ ನೀವೇ ಬರೆದಿದೀರಲ್ಲ?"

"ಈಗ ಚೆನ್ನಾಗಿದೆ. ಅವತ್ತು ಇರಲಿಲ್ಲ. ಯಾಕೆ ಅಂತ ಗೊತ್ತಾಗೋ ತನಕ ಹೇಗೆ ಅಳಿಸಲಿ? ನಾಳೆ ಯಾರೋ ಹೊಸದಾಗಿ ಕೊಂಡು ಆ ತಿರುವಿಗೆ ಬರ್ತಾರೆ. ಪಕ್ಕದಲ್ಲಿ ಲಾರಿ ಇದ್ರೆ?"

"ನನಗೋಸ್ಕರವೂ ಆಗಲ್ವಾ?"

ಕೇಳಬಾರದಿತ್ತು. ಬಾಯಿಂದ ಹೊರಟ ಮೇಲೆ ಅವಳಿಗೇ ಗೊತ್ತಾಯಿತು. ಅವನ ಮುಖ ಬಿಳಿಚಿತು.

"ನಿಮಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ," ಎಂದ ಮೆಲ್ಲಗೆ. "ಸುಳ್ಳು ಬರೆಯೋದೊಂದು ಬಿಟ್ಟು."

"ಹಾಗಾದ್ರೆ ನೀವು ಏನೂ ಮಾಡಬೇಡಿ!" ಎಂದು ಅವಳು ದಡದಡ ಹೊರಟೇ ಹೋದಳು.

ಹೋಗಿದ್ದು ಶೆಡ್ಡಿಗೆ. ಪಂಪಣ್ಣ ಪರೀಕ್ಷೆಯ ಸಾಮಾನು ಎತ್ತಿಡುತ್ತಿದ್ದರು. ಅವಳು ಕಣ್ಣು ಒರೆಸಿಕೊಳ್ಳಲೆಂದು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಬಟ್ಟೆಗೆ ಕೈ ಹಾಕಿದಳು.

"ಅದರಲ್ಲಿ ಮುಖ ಒರೆಸಬೇಡ, ಟೈರ್ ಒರೆಸೋದು!"

ಆದರೆ ಅವಳ ಕೈ ಆಗಲೇ ನಿಂತಿತ್ತು. ಬಟ್ಟೆಯಲ್ಲಿ ನಿಂಬೆಯಂಥ ವಾಸನೆ. ತನಗೆ ಗೊತ್ತಿರುವ ವಾಸನೆ...

ಪರೀಕ್ಷೆಯ ಹಿಂದಿನ ದಿನ. ಎಲ್ಲರೂ ಹೋದ ಮೇಲೆ ಅವಳು ಟೈರು ನೋಡಲೆಂದು ಇಲ್ಲಿಗೆ ಬಂದಿದ್ದಳು. ಐದು ಜೋಡಿ ಆಗಲೇ ಚಕ್ರಕ್ಕೆ ಏರಿದ್ದವು, ಒಂದೇ ಒಂದು ಜೋಡಿ ಕೊಕ್ಕೆಯಲ್ಲಿತ್ತು. ಮೊದಲ ದಿನ ಶಾಲೆಗೆ ಹೋಗುವ ಮಗುವಿಗೆ ತಲೆ ಬಾಚುವ ಹಾಗೆ, ಟೈರಿನ ಪಕ್ಕದ ಮೈಗೆ, ಹೆಸರು ಅಚ್ಚಾದ ಕಡೆಗೆ ಮಾತ್ರ, ಅಂಗಡಿಯ ಗಾಜಿನ ಕಪಾಟಿನಲ್ಲಿಡುವ ಟೈರಿಗೆ ಹಚ್ಚುವ ಪಾಲಿಶ್ ಉಜ್ಜಿದ್ದಳು. ಮಿರಿಮಿರಿ ಮಿಂಚಿತ್ತು. ರಸ್ತೆಗೆ ತಾಗುವ ಭಾಗ ಅವಳು ಮುಟ್ಟಿರಲಿಲ್ಲ. ಆಮೇಲೆ ಬಟ್ಟೆಯನ್ನು ಇದೇ ಮೊಳೆಗೆ ಸಿಕ್ಕಿಸಿ ಹೋಗಿದ್ದಳು.

"ಪಂಪಣ್ಣ... ಹೊಸ ಟೈರು ಹಾಕೋ ಮುಂಚೆ ನೀವು ಒರೆಸ್ತೀರಲ್ಲ, ಒದ್ದೆ ಬಟ್ಟೆಯಲ್ಲಿ, ಸುತ್ತ?"

"ಒರೆಸದೆ ಹೇಗೆ? ಅಚ್ಚಿನಿಂದ ಅಂಟಿಕೊಂಡು ಬಂದ ಜಿಡ್ಡು ಹೋಗಬೇಕಲ್ಲ."

"ಯಾವ ಬಟ್ಟೆ?"

"ಅದೇ, ಮೊಳೆ ಮೇಲಿರೋದು."

"ಕೊನೆ ಜೋಡಿ, ಪರೀಕ್ಷೆ ದಿನ ಬೆಳಗ್ಗೆ ಹಾಕಿದ್ದು... ಯಾರ ಸೈಕಲ್ಲಿಗೆ?"

"ಇನ್ಯಾರಿಗೆ? ತಕ್ಕಡಿಗೆ."

ಅವಳು ಅಲ್ಲೇ ಕುಸಿದು ಸ್ಟೂಲಿನ ಮೇಲೆ ಕೂತಳು. ಆ ಪಾಲಿಶ್ ನೀರಿಗೆ ಹೋಗುವಂಥದ್ದಲ್ಲ. ಪಾಪ ಪಂಪಣ್ಣ ಜಿಡ್ಡು ತೆಗೆಯುತ್ತೇನೆಂದು ಜಿಡ್ಡನ್ನೇ ಬಳಿದಿದ್ದರು, ಸುತ್ತಲೂ! ಕೆಲವು ದಿನ ಓಡಿದ ಮೇಲೆ ಅದು ಸವೆದು ಹೋಗಿದೆ, ಟೈರು ಚೆನ್ನಾಗಿದೆ. ಅವನು ಬರೆದ ಎರಡೂ ಕಾರ್ಡು ಸತ್ಯ. ಅವನ ಮೊಣಕೈಯ ಗಾಯ ತನ್ನದೇ ಕೈಯಿಂದ ಆದದ್ದು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯದು. ಹೇಳಿದರೆ ಇಡೀ ಪರೀಕ್ಷೆಯೇ ರದ್ದು, ತಾನು ಕಲಸುವ ಕೋಣೆಯಲ್ಲಿ ಉಳಿಯುವುದೂ ಅನುಮಾನ. ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ. ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಮೇಡಂ ಕೋಣೆಗೆ ನಡೆದಳು. "ಅವರನ್ನೂ ಕರೆಸಿ ಮೇಡಂ," ಎಂದಳು. ಅವನ ಎದುರಿಗೇ, ಒಂದೂ ಮುಚ್ಚಿಡದೆ ಹೇಳಿದಳು. ಪಂಪಣ್ಣನ ಹೆಸರು ಬಂದಾಗ, "ಅವರ ತಪ್ಪಿಲ್ಲ, ಬಟ್ಟೆ ಅಲ್ಲಿಟ್ಟವಳು ನಾನು," ಎಂದಳು.

ಮೇಡಂ ಬಟ್ಟೆಯನ್ನು ಮೂಸಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪರೀಕ್ಷೆ ರದ್ದು," ಎಂದರು ಕೊನೆಗೆ. "ಆರೂ ಸವಾರರು ಈ ಟೈರನ್ನ ಮರೀಬೇಕು. ಮೂರು ತಿಂಗಳು ಬೇರೆ ಟೈರಿನ ಮೇಲೆ ಓಡಲಿ. ಆಮೇಲೆ ಹೊಸ ಜೋಡಿ, ಹೊಸ ಮೊದಲ ದಿನ. ಆ ದಿನದ ಕಾರ್ಡೇ ತೀರ್ಮಾನ. ನೀನೇ ಕಲಸು. ಆದರೆ ನಿನ್ನ ಕೈಯಲ್ಲಿ ಪಾಲಿಶ್ ಬಾಟಲಿ ಇನ್ನೊಮ್ಮೆ ಕಂಡರೆ ಗೇಟ್ ಹೊರಗೆ." ಅವನ ಕಡೆ ತಿರುಗಿ, "ನಿಮ್ಮ ಕಾರ್ಡನ್ನ ನಾನು ಅನುಮಾನಿಸಬಾರದಿತ್ತು," ಎಂದೂ ಸೇರಿಸಿದರು.

ಕೋಣೆಯ ಹೊರಗೆ ಅವಳು ಅವನ ಮುಂದೆ ತಲೆ ತಗ್ಗಿಸಿ ನಿಂತಳು. "ತಪ್ಪಾಯ್ತು. ಬಿದ್ದದ್ದಕ್ಕೂ... ಆಡಿದ ಮಾತಿಗೂ."

ಅವನು ಅವಳನ್ನೇ ನೋಡಿದ. ಏನೋ ಹೇಳಬೇಕೆಂದು ತುಟಿ ಅಲುಗಿತು. ಆದರೆ ಹೇಳಲಿಲ್ಲ. ತಲೆಯಾಡಿಸಿ, ಹೊರಟುಹೋದ.

ಮರುದಿನವೂ ಮಾತಿಲ್ಲ. ಅದರ ಮರುದಿನವೂ ಇಲ್ಲ! ಅವಳು ಅಂಗಳಕ್ಕೆ ಬಂದರೆ ಅವನು ಶೆಡ್ಡಿನೊಳಗೆ ಹೋಗುತ್ತಿದ್ದ. ಅವಳು ಶೆಡ್ಡಿಗೆ ಬಂದರೆ ಅವನ ಸೈಕಲ್ ಗೇಟು ದಾಟಿರುತ್ತಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು.

ಸರಿ. ಕ್ಷಮಿಸೋಕೆ ಆಗಲಿಲ್ಲ ಅವನಿಗೆ. ಆಗೋದಾದ್ರೂ ಹೇಗೆ? ಸುಳ್ಳು ಬರಿ ಅಂದವಳು ನಾನು...

ಅವಳು ಕಲಸುವ ಕೋಣೆಯಲ್ಲಿ ತಲೆ ತಗ್ಗಿಸಿ ಕೆಲಸ ಮಾಡಿದಳು. ಹಿಂದೆ ಎರಡು ಸಲ ತೂಗುತ್ತಿದ್ದುದನ್ನು ಮೂರು ಸಲ ತೂಗಿದಳು. ಬಟ್ಟೆಗೆ ಈಗ ಗ್ರೀಸು ಹತ್ತುತ್ತಿರಲಿಲ್ಲ, ಅತ್ತಿಗೆಯೂ ತಮಾಷೆ ನಿಲ್ಲಿಸಿದ್ದರು. ಒಂದು ಸಂಜೆ ಪಕ್ಕದಲ್ಲಿ ಬಂದು ಕೂತು ಅವಳ ತಲೆ ಸವರಿದರು.

"ಬೈದನೇನೇ?"

"ಬೈದಿದ್ರೆ ಚೆನ್ನಾಗಿರ್ತಿತ್ತು ಅತ್ತಿಗೆ. ಮಾತೇ ಆಡ್ತಿಲ್ಲ..." ಎಂದವಳು ಅತ್ತಿಗೆಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಕೊನೆಗೆ ಆ ದಿನ ಬಂತು.

ಪಂಪಣ್ಣ ಹೊಚ್ಚ ಹೊಸ ಬಟ್ಟೆಯಲ್ಲಿ ಆರು ಜೋಡಿಯನ್ನೂ ಒರೆಸಿದರು. ಬಟ್ಟೆಯನ್ನು ಎಲ್ಲರ ಮೂಗಿಗೂ ಹಿಡಿದು ತೋರಿಸಿದರು. "ಮೂಸಿ ನೋಡಿ! ಬರೀ ನೀರು!" ಆರು ಸೈಕಲ್ಲು ಗೇಟು ದಾಟಿದವು. ಮೂವತ್ತೆರಡು ಕಿಲೋಮೀಟರು. ಅವಳು ನೀರಿನ ಬಾಟಲಿ ಹಿಡಿದು ಶೆಡ್ಡಿನ ಮೂಲೆಯಲ್ಲಿ ನಿಂತಳು. ಈ ಸಲ ಯಾರನ್ನೂ ಏನೂ ಕೇಳಬಾರದು ಎಂದು ಹಲ್ಲು ಕಚ್ಚಿ ನಿಂತಳು.

ಒಬ್ಬೊಬ್ಬರೇ ಬಂದರು, ಬರೆದರು, ಹಾಕಿದರು. ಅವನೇ ಕೊನೆ.

ಅವಳ ಕಣ್ಣು ಮೊದಲು ಹೋದದ್ದು ಅವನ ಮೊಣಕೈಗೆ. ಏನೂ ಆಗಿಲ್ಲ! ಅವಳು ಹಿಡಿದಿದ್ದ ಉಸಿರು ಬಿಟ್ಟಳು. ಅವನು ಅವಳನ್ನು ನೋಡದೆ ದಾಟಿ ಹೋದ. ಕೈಗವಸಿನಲ್ಲೇ ಪೆನ್ನು ಹಿಡಿದು, ಮೂರು ಸಾಲು ಬರೆದ. ಕಾರ್ಡು ಮಡಚಿದ.

ಟಪ್. ಡಬ್ಬಿಗೆ ಬಿತ್ತು.

ಆ ಸದ್ದಿಗೇ ಕಾದವನಂತೆ ಗರ್ರನೆ ತಿರುಗಿ, ಉದ್ದುದ್ದ ಹೆಜ್ಜೆ ಹಾಕಿ ನೇರ ಅವಳ ಮುಂದೆ ಬಂದು ನಿಂತ.

"ನೀರು ಕೊಡ್ತೀರಾ?"

ಅವಳು ಬಾಟಲಿ ಚಾಚಿದಳು. ಅವನು ಗಟಗಟ ಅರ್ಧ ಕುಡಿದು, ಬಾಯಿ ಒರೆಸಿಕೊಂಡ.

"ಮೂರು ತಿಂಗಳು ಹನ್ನೊಂದು ದಿನ."

"ಏನು?"

"ನಿಮ್ಮ ಹತ್ರ ಮಾತಾಡಿ."

"ನೀವು... ನೀವು ಕೋಪದಲ್ಲಿ ಮಾತು ಬಿಟ್ಟಿದ್ದಲ್ವಾ?"

"ಕೋಪವಾ? ತಾನು ಕಲಸಿದ ಟೈರಿಗಿಂತ ಮೊದಲು ನನ್ನ ಕಾರ್ಡನ್ನ ಉಳಿಸಿದವರ ಮೇಲೆ ಕೋಪವಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕಾರ್ಡು ಬೀಳೋ ತನಕ ಮಾತಾಡಬಾರದಲ್ಲ ರೀ. ನಿಮಗೆ ಗೊತ್ತಿದೆ ಅಂದ್ಕೊಂಡೆ."

"ಅದು ಪರೀಕ್ಷೆಯ ಒಂದು ದಿನಕ್ಕೆ ಮಾತ್ರ ಕಣ್ರೀ! ಮೂರು ತಿಂಗಳಿಗಲ್ಲ!"

"ನಿಯಮ ಬರೆದವರಿಗೆ ನೀವು ಗೊತ್ತಿರಲಿಲ್ಲ," ಎಂದ ಅವನು. "ನಿಮ್ಮ ಹತ್ರ ಒಂದು ಮಾತಾಡಿದ್ರೆ ನನ್ನ ಕೈ ಮೂರು ತಿಂಗಳು ಮೆತ್ತಗಿರುತ್ತೆ. ಆಮೇಲೆ ನಾನು ಚೆನ್ನಾಗಿದೆ ಅಂತ ಬರೆದ್ರೆ, ಅದು ಟೈರಿನ ಮಾತಾ, ಪ್ರೀತಿಯ ಮಾತಾ ಅಂತ ನನಗೇ ಗೊತ್ತಾಗ್ತಿರಲಿಲ್ಲ. ನಿಮ್ಮ ಟೈರು ನನ್ನ ದಯದಿಂದ ಪಾಸಾಗಬಾರದು. ಅದರ ಹಿಡಿತದಿಂದಲೇ ಪಾಸಾಗಬೇಕು."

ಪ್ರೀತಿಯ ಮಾತು... ಹೇಳಿಯೇಬಿಟ್ಟನಲ್ಲ, ಅದೂ ತನಗೇ ತಿಳಿಯದ ಹಾಗೆ!

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡೂ ಒಟ್ಟಿಗೆ ಬಂದು, ಅವಳು ಅವನ ಬೆವರಿನ ತೋಳಿಗೆ ಹಣೆ ಆನಿಸಿ ನಿಂತುಬಿಟ್ಟಳು. ಪಂಪಣ್ಣ ಯಾಕೋ ಇದ್ದಕ್ಕಿದ್ದಂತೆ ಗೋಡೆಯ ಕಡೆ ತಿರುಗಿ, ಗಾಳಿ ತುಂಬಿದ್ದ ಚಕ್ರಕ್ಕೇ ಮತ್ತೆ ಪಂಪು ಹೊಡೆಯತೊಡಗಿದರು.

"ದಡ್ಡ," ಎಂದಳು ಅವಳು ತಲೆ ಎತ್ತದೆ. "ನಾನು ಎಷ್ಟು ಅತ್ತೆ ಗೊತ್ತಾ? ನಂಗೂ ನೀವೇ ಬೇಕು. ಮೊದಲ ದಿನ ಜಂಭದ ಕೋಳಿ ಅಂದ್ಕೊಂಡಿದ್ದೆ. ಅದೂ ಗೊತ್ತಿರಲಿ."

"ಬರ್ಕೊಳ್ತೀನಿ."

ಅವಳು ಕಣ್ಣೊರೆಸಿಕೊಂಡು ಮುಖ ಎತ್ತಿದಳು. ಅಂದು ಕೇಳಿ ಉತ್ತರ ಸಿಗದೇ ಉಳಿದ ಪ್ರಶ್ನೆ ಒಂದಿತ್ತಲ್ಲ?

"ಹೇಗಿತ್ತು?"

"ಯಾವುದು? ಟೈರಾ, ಮೂರು ತಿಂಗಳಾ?"

"ಎರಡೂ."

"ಟೈರು ಚೆನ್ನಾಗಿತ್ತು. ಟ್ಯಾಂಕಿನ ತಿರುವಲ್ಲಿ ಬ್ರೇಕ್ ಮುಟ್ಟಲಿಲ್ಲ. ಮೂರು ತಿಂಗಳು ಚೆನ್ನಾಗಿರಲಿಲ್ಲ."

"ಕಾರ್ಡಲ್ಲಿ ಎರಡನ್ನೂ ಬರೆದ್ರಾ?"

ಅವನು ತಲೆಯಲ್ಲಾಡಿಸಿ, ಅವಳ ಕೈಯನ್ನು ತನ್ನ ಕೈಗೆ ತೆಗೆದುಕೊಂಡ.

"ಕಾರ್ಡು ಟೈರಿಂದು. ಮೂರು ತಿಂಗಳು ನಮ್ಮಿಬ್ಬರದು."